ಪ್ಲೇಸ್‌ಮೆಂಟ್ ಆಫೀಸಿನ ಪ್ರಶ್ನೆ ಪುಸ್ತಕ

ಮಂಗಳೂರಿನ ಹಂಪನಕಟ್ಟೆ ಹತ್ತಿರ ನಮ್ಮದೊಂದು ಸಣ್ಣ ಪ್ಲೇಸ್‌ಮೆಂಟ್ ಆಫೀಸು. ಮೂವರು ಇದ್ದೇವೆ. ಅಂಗಡಿ, ಆಸ್ಪತ್ರೆ, ಬೈಕಂಪಾಡಿ ಕಡೆಯ ಕಾರ್ಖಾನೆ, ಇಲ್ಲಿಗೆಲ್ಲ ಜನ ಹುಡುಕಿ ಕೊಡುವುದು ಕೆಲಸ. ಗಲ್ಫಿಗೆ ನಾವು ಕಳಿಸುವುದಿಲ್ಲ, ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಆದರೆ ಗಲ್ಫಿನ ವಿಷಯ ಕೇಳದೆ ಎದ್ದು ಹೋಗುವ ಹುಡುಗರು ನಮ್ಮೂರಲ್ಲಿ ಎಷ್ಟು ಜನ ಇದ್ದಾರೆ ಹೇಳಿ!

ಈ ಲೈನಿನವರಿಗೆ ಟ್ರೈನಿಂಗ್ ಅಂತ ಸಿಗುವುದು ಹೆಚ್ಚಾಗಿ ಮಾತಾಡುವುದು ಹೇಗೆ, ಇಂಟರ್‌ವ್ಯೂ ಮಾಡುವುದು ಹೇಗೆ ಅಂತ. ಬೇಡ ಅಂತಲ್ಲ, ಆದರೆ ಎದುರು ಕೂತವರು ಕೇಳುವ ಪ್ರಶ್ನೆಗೆ ಅದರಲ್ಲಿ ಉತ್ತರ ಇರುವುದಿಲ್ಲ. ಹಾಗಾಗಿ ಟೇಬಲ್ ಮೇಲೆ ಒಂದು ದಪ್ಪ ನೋಟ್‌ಬುಕ್ ಇಟ್ಟೆ. ಗೊತ್ತಿಲ್ಲದ ಪ್ರಶ್ನೆ ಬಂದರೆ ಅಂದಾಜಿಗೆ ಏನೋ ಹೇಳಿ ಕಳಿಸುವುದಿಲ್ಲ. ಅವರು ಕೇಳಿದ ಮಾತಿನಲ್ಲೇ ಬರೆದುಕೊಳ್ಳುವುದು, ಫೋನ್ ನಂಬರ್ ತಗೊಳ್ಳುವುದು, ಶುಕ್ರವಾರ ಸಂಜೆ ಶಟರ್ ಅರ್ಧ ಎಳೆದು ಮೂವರೂ ಕೂತು ಯಾವ ಪ್ರಶ್ನೆ ಯಾರ ಪಾಲು ಅಂತ ಹಂಚಿಕೊಳ್ಳುವುದು. ನಮ್ಮ ಕಲಿಕೆ ಅಂದರೆ ಇಷ್ಟೇ.

ಒಂದು ಉದಾಹರಣೆ. ಕತಾರಿನಿಂದ ವಾಪಸ್ ಬಂದ ಉಳ್ಳಾಲದ ಒಬ್ಬರು "6ಜಿ ಆಗಿದೆ ಮೇಡಂ" ಅಂದರು. ವೆಲ್ಡಿಂಗಿಗೆ ಸಂಬಂಧಪಟ್ಟದ್ದು ಅಂತ ಗೊತ್ತಾಯಿತು, ಆದರೆ ಎಂತದು? ಪುಸ್ತಕಕ್ಕೆ ಹೋಯಿತು, ನನ್ನ ಪಾಲಿಗೆ ಬಂತು. ಗೂಗಲ್ ಮಾಡಿದರೆ ಚಿತ್ರ ಸಿಗುತ್ತದೆ ನಿಜ, ನಾನು ಮಾತ್ರ ಬೈಕಂಪಾಡಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿಗೇ ಹೋದೆ. ಅಲ್ಲಿನ ಫೋರ್‌ಮನ್ ಪೈಪಿನ ಎರಡು ತುಂಡು ಜೋಡಿಸಿ ಸ್ಟ್ಯಾಂಡಿಗೆ 45 ಡಿಗ್ರಿ ಓರೆಯಾಗಿ ಬಿಗಿದರು. "ಇನ್ನು ಪೈಪ್ ತಿರುಗಿಸ್ಲಿಕ್ಕಿಲ್ಲ, ನಾವೇ ಸುತ್ತ ಬರಬೇಕು" ಅಂದರು. ವೆಲ್ಡರ್ ಕೆಳಗಿನಿಂದ ಶುರು ಮಾಡಿದ. ಮೊದಲು ಹೆಚ್ಚುಕಮ್ಮಿ ಮಲಗಿದ ಹಾಗೆ, ಆಮೇಲೆ ಮೊಣಕಾಲೂರಿ, ಕೊನೆಗೆ ನಿಂತು. ಒಳಗಿನ ಮೊದಲ ಪದರ ಟಿಗ್, ಅಂದರೆ ಗ್ಯಾಸಿನ ರಕ್ಷಣೆಯಲ್ಲಿ ಮಾಡುವ ನಾಜೂಕಿನ ವೆಲ್ಡಿಂಗ್, ಅದರ ಮೇಲೆ ರಾಡ್ ಹಿಡಿದು ಮಾಡುವ ಮಾಮೂಲಿ ಆರ್ಕ್. 6ಜಿ ಅಂದರೆ ಇದೇ ಟೆಸ್ಟ್. ಇದರಲ್ಲಿ ಪಾಸಾದವರು ಪೈಪಿನ ಎಲ್ಲ ಪೊಸಿಷನ್‌ನಲ್ಲೂ ಕೆಲಸ ಮಾಡಬಲ್ಲರು, ಸಂಬಳ ಜಾಸ್ತಿ ಕೇಳುವುದು ಅದಕ್ಕೇ.

ಅವತ್ತು ಫೋರ್‌ಮನ್ ಹೇಳಿದ ಇನ್ನೊಂದು ಮಾತು ಇನ್ನೂ ಉಪಯೋಗಕ್ಕೆ ಬಂತು. ಎಎಸ್‌ಎಂಇ, ಅಂದರೆ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಕೋಡ್ ಪ್ರಕಾರ ಯಾವ ವಿಧಾನದಲ್ಲಿ ಪಾಸಾಗಿದ್ದಾರೋ ಆ ವಿಧಾನದಲ್ಲಿ ಆರು ತಿಂಗಳು ವೆಲ್ಡಿಂಗ್ ಮಾಡದೆ ಇದ್ದರೆ ಅರ್ಹತೆ ಹೋಗುತ್ತದೆ. ಅಂದರೆ ಊರಿಗೆ ಬಂದು ಸುಮ್ನೆ ಮನೆಯಲ್ಲಿ ಕೂತರೆ ಕೈಯಲ್ಲಿರುವ ಸರ್ಟಿಫಿಕೇಟು ಬರೀ ಕಾಗದ. ಈಗ ಯಾವ ವೆಲ್ಡರ್ ಬಂದರೂ ನಾನು ಮೊದಲು ಕೇಳುವುದು ಕೊನೆಯ ಸಲ ಟಿಗ್ ಮಾಡಿದ್ದು ಯಾವಾಗ ಅಂತ. ಕೇಳಿದ ಕೂಡಲೇ ಅವರು ಕೂರುವ ರೀತಿಯೇ ಬದಲಾಗುತ್ತದೆ. ಇವರಿಗೆ ನಮ್ಮ ಕೆಲಸ ಗೊತ್ತುಂಟು ಅಂತ.

ಎಲ್ಲದಕ್ಕೂ ಶೆಡ್ಡಿಗೆ ಓಡುವುದು ಆಗುವುದಿಲ್ಲ, ಅಲ್ವಾ? ಕೆಲಸಗಳ ವಿಂಗಡಣೆಗೆ ಸರ್ಕಾರದ ರಾಷ್ಟ್ರೀಯ ಉದ್ಯೋಗ ವರ್ಗೀಕರಣ 2015 ಇದೆ. ಅದರಲ್ಲಿ 7212 ಅಂದರೆ ವೆಲ್ಡರ್‌ಗಳ ಗುಂಪು. ಓದಲಿಕ್ಕೆ ಬೋರು, ಆದರೆ ಒಂದೊಂದು ಕೆಲಸದಲ್ಲಿ ಏನೇನು ಮಾಡಬೇಕು ಅಂತ ಬರೆದಿರುತ್ತದೆ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ಸ್ವಯಂ ಪೋರ್ಟಲ್‌ನಲ್ಲಿ ಕೋರ್ಸುಗಳೂ ಇವೆ, ಕಲಿಯಲಿಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ ಫೀಸು.

ಗಲ್ಫಿನ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಬೇರೆ ಭಾಗವೇ ಇದೆ. ಎಸ್ಸೆಸ್ಸೆಲ್ಸಿ ಆಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಶನ್ ಚೆಕ್ ರಿಕ್ವೈರ್ಡ್). ಅವರು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಎಮಿಗ್ರೇಶನ್ ಕ್ಲಿಯರೆನ್ಸ್, ಅಂದರೆ ಸರ್ಕಾರದ ಅನುಮತಿ ಬೇಕು, ಗಲ್ಫಿನ ಆರೂ ದೇಶ ಅದರಲ್ಲಿ ಬರುತ್ತವೆ. ಏಜೆಂಟ್ 1983ರ ಎಮಿಗ್ರೇಶನ್ ಕಾಯ್ದೆಯಡಿ ನೋಂದಾಯಿಸಿದವರಾ ಅಂತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಅವರು ತಗೊಳ್ಳಬಹುದಾದ ಸರ್ವಿಸ್ ಚಾರ್ಜಿಗೆ 30,000 ರೂಪಾಯಿ ಮತ್ತು ಜಿಎಸ್‌ಟಿ ಅಂತ ಮಿತಿ ಇದೆ. ಇದನ್ನು ಹೇಳಿದರೆ ಕೆಲವರು ನನ್ನನ್ನೇ ಅನುಮಾನದಿಂದ ನೋಡುತ್ತಾರೆ, ಯಾಕೆಂದರೆ ಅವರು ಆಗಲೇ ಅದಕ್ಕಿಂತ ಜಾಸ್ತಿ ಕೊಟ್ಟಿರುತ್ತಾರೆ.

ಇತ್ತೀಚೆಗೆ ಪುಸ್ತಕ ತುಂಬುತ್ತಿರುವುದು ಕಾರ್ಮಿಕ ಸಂಹಿತೆಗಳಿಂದ. 2025ರ ನವೆಂಬರ್ 21ರಂದು ನಾಲ್ಕು ಸಂಹಿತೆಗಳು ಜಾರಿಗೆ ಬಂದವು, 29 ಹಳೆ ಕಾಯ್ದೆಗಳು ಅದರೊಳಗೆ ಹೋದವು. ಗೊತ್ತಿದೆ ಅಂದುಕೊಂಡಿದ್ದನ್ನೂ ಮತ್ತೆ ಓದಬೇಕಾಯಿತು. ನಿಗದಿತ ಅವಧಿಗೆ ಸೇರಿಸಿಕೊಂಡವರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬಂದಿದೆ. ವರ್ಷದ ಕಾಂಟ್ರ್ಯಾಕ್ಟ್ ಮೇಲೆ ಸೇರುವ ನರ್ಸಿಂಗ್ ಹುಡುಗಿಯರಿಗೆ ಇದು ದೊಡ್ಡ ವಿಷಯ. ಅಪಾಯಿಂಟ್‌ಮೆಂಟ್ ಲೆಟರ್ ಎಲ್ಲ ಕೆಲಸಗಾರರಿಗೂ ಕೊಡಬೇಕು. ಮಾಲೀಕರ ಹತ್ತಿರ ಇದನ್ನು ಹೇಳುವಾಗ ಬಾಯಿಮಾತು ನಡೆಯುವುದಿಲ್ಲ, ಸೆಕ್ಷನ್‌ನ ಪ್ರಿಂಟೌಟ್ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.

ಇದನ್ನು ಶುರು ಮಾಡುವವರಿಗೆ ಒಂದು ಸಣ್ಣ ಉಪಾಯ. ಮೊತ್ತ, ಮಿತಿ, ವಯಸ್ಸು ಇಂಥದ್ದನ್ನೆಲ್ಲ ಪೆನ್ಸಿಲಿನಲ್ಲಿ ಬರೆಯಿರಿ, ಪಕ್ಕದಲ್ಲಿ ಯಾವತ್ತು ಎಲ್ಲಿ ನೋಡಿದ್ದು ಅಂತ ಹಾಕಿ. ಪ್ರತಿ ಏಪ್ರಿಲ್‌ನಲ್ಲಿ ಪೆನ್ಸಿಲಿನದ್ದನ್ನು ಮಾತ್ರ ಮತ್ತೆ ಚೆಕ್ ಮಾಡಿದರೆ ಸಾಕು.