ಬಾಲಿಗೆ ಹೊರಟಿದ್ದೀರಾ? ಮೊದಲು ಉಳಿಯುವ ಊರು ಆರಿಸಿ

ನಕ್ಷೆಯಲ್ಲಿ ನೋಡಿದರೆ ಬಾಲಿ ಪುಟ್ಟ ದ್ವೀಪ. ಎಲ್ಲವೂ ಇಲ್ಲೇ ಪಕ್ಕದಲ್ಲಿದೆ ಅನ್ನಿಸುತ್ತದೆ. ವಿಮಾನ ನಿಲ್ದಾಣದಿಂದ ಒಳನಾಡಿನ ಊರು ಉಬುದ್‌ಗೆ ಮೂವತ್ತೈದು ಕಿಲೋಮೀಟರ್ ಚಿಲ್ಲರೆ, ಅಷ್ಟೇ ಅಲ್ವಾ? ಆದರೆ ಆ ದಾರಿಗೆ ಒಂದೂವರೆ ಗಂಟೆ ಬೇಕು. ಸಂಜೆಯಾದರೆ ಇನ್ನೂ ಜಾಸ್ತಿ. ದ್ವೀಪದಲ್ಲಿ ರೈಲಿಲ್ಲ, ರಸ್ತೆಗಳು ಕಿರಿದು, ಸ್ಕೂಟರ್‌ಗಳು ಲೆಕ್ಕವಿಲ್ಲದಷ್ಟು.

ಮೊದಲ ಸಲ ಹೋದಾಗ ನಾನು ಕಡಲ ತೀರದ ಕುಟಾದಲ್ಲಿ ಒಂದೇ ಹೋಟೆಲ್ ಹಿಡಿದು, ದಿನಾ ಒಂದೊಂದು ದಿಕ್ಕಿಗೆ ಓಡಿದೆ. ತಾನಾ ಲೋಟ್‌ನಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕೆಂದು ಹೊರಟರೆ, ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಕಡಲೊಳಗಿನ ಬಂಡೆ, ಅದರ ಮೇಲಿನ ಗುಡಿ ಯಾವುದೂ ಕಾಣಲಿಲ್ಲ. ಅಲೆಯ ಸದ್ದು ಕೇಳಿಕೊಂಡು ವಾಪಸ್ ಬಂದೆ. ಎಲ್ಲಿ ಉಳಿಯಬೇಕು ಅನ್ನುವುದನ್ನು ಸರಿಯಾಗಿ ತೀರ್ಮಾನಿಸಿದರೆ ಈ ಪ್ರವಾಸದ ಅರ್ಧ ಕೆಲಸ ಮುಗಿದ ಹಾಗೆ.

ತಿಂಗಳು ನೋಡಿಕೊಳ್ಳಿ

ಏಪ್ರಿಲ್‌ನಿಂದ ಅಕ್ಟೋಬರ್ ಒಣ ಕಾಲ, ನವೆಂಬರ್‌ನಿಂದ ಮಾರ್ಚ್ ಮಳೆಗಾಲ. ಜುಲೈ, ಆಗಸ್ಟ್ ಮತ್ತು ಡಿಸೆಂಬರ್ ಕೊನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೇ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು.

ಮಾರ್ಚ್‌ನಲ್ಲಿ ಹೋಗುವುದಾದರೆ ಟಿಕೆಟ್ ತೆಗೆಯುವ ಮೊದಲು ‘ನ್ಯೆಪಿ’ ಯಾವತ್ತು ಅಂತ ನೋಡಿ. ಅದು ಶಕ ವರ್ಷದ ಹೊಸ ವರ್ಷ, ನಮ್ಮ ಯುಗಾದಿಯ ನೆಂಟ ಅನ್ನಬಹುದು. ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಇಡೀ ದ್ವೀಪ ಮೌನ. ವಿಮಾನ ನಿಲ್ದಾಣವೂ ಮುಚ್ಚುತ್ತದೆ. ಹೋಟೆಲ್ ಬಿಟ್ಟು ಹೊರಗೆ ಕಾಲಿಡುವಂತಿಲ್ಲ, ರಾತ್ರಿ ಹೊರಗೆ ಬೆಳಕು ಕಾಣುವಂತಿಲ್ಲ. ಹಿಂದಿನ ಸಂಜೆ ‘ಓಗೊ-ಓಗೊ’ ಅನ್ನುವ ದೈತ್ಯ ಭೂತದ ಬೊಂಬೆಗಳನ್ನು ಹೆಗಲ ಮೇಲೆ ಹೊತ್ತು ಬೀದಿ ತುಂಬ ಮೆರವಣಿಗೆ ಮಾಡುತ್ತಾರೆ. ಇದನ್ನು ನೋಡಲೆಂದೇ ಹೋಗುವುದಾದರೂ ಸರಿ. ಗೊತ್ತಿಲ್ಲದೆ ಹೋಗಿ ಸಿಕ್ಕಿಹಾಕಿಕೊಳ್ಳಬೇಡಿ.

ಕಾಗದಪತ್ರ, ದುಡ್ಡು

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಭಾರತೀಯರಿಗೆ 30 ದಿನದ ವೀಸಾ ಅಲ್ಲಿ ಇಳಿದ ಮೇಲೂ ಸಿಗುತ್ತದೆ, ಶುಲ್ಕ 5 ಲಕ್ಷ ರುಪಿಯಾ (ಇಂಡೊನೇಷ್ಯಾದ ಹಣ). ಮೊದಲೇ ಆನ್‌ಲೈನ್‌ನಲ್ಲಿ ತೆಗೆದರೆ ಕ್ಯೂ ತಪ್ಪುತ್ತದೆ. ಇದಲ್ಲದೆ 2024ರ ಫೆಬ್ರುವರಿಯಿಂದ ಪ್ರತಿಯೊಬ್ಬ ವಿದೇಶಿ ಪ್ರವಾಸಿಯೂ 1.5 ಲಕ್ಷ ರುಪಿಯಾ ಕಟ್ಟಬೇಕು. ಅದನ್ನು ‘ಲವ್ ಬಾಲಿ’ ವೆಬ್‌ಸೈಟ್‌ನಲ್ಲಿ ಕಟ್ಟಿ, ಕ್ಯೂಆರ್ ಕೋಡ್ ಫೋನಿನಲ್ಲಿ ಇಟ್ಟುಕೊಳ್ಳಿ.

ಲಕ್ಷ ಅಂದ ತಕ್ಷಣ ಗಾಬರಿ ಬೇಡ. ಒಂದು ಲಕ್ಷ ರುಪಿಯಾ ಅಂದರೆ ಸರಿಸುಮಾರು ಐನೂರು ಚಿಲ್ಲರೆ ರೂಪಾಯಿ. ಆದರೆ ಸೊನ್ನೆಗಳಿಂದ ಕಣ್ಣು ಮೋಸಹೋಗುತ್ತದೆ, ನೋಟು ಕೊಡುವಾಗ ನಿಧಾನಿಸಿ. ಬೀದಿಬದಿಯ ಸಣ್ಣ ಅಂಗಡಿಯಲ್ಲಿ ಎಷ್ಟೇ ಒಳ್ಳೆಯ ದರ ಬರೆದಿದ್ದರೂ ಅಲ್ಲಿ ಡಾಲರ್ ಬದಲಾಯಿಸಲೇಬೇಡಿ. ಲೈಸೆನ್ಸ್ ಇರುವ ಕಡೆಗೇ ಹೋಗಿ. ನೀವೇ ಕೊನೆಯದಾಗಿ ಎಣಿಸಿ, ಎಣಿಸಿದ ಮೇಲೆ ಕಂತೆ ಮತ್ತೆ ಅವರ ಕೈಗೆ ಕೊಡಬೇಡಿ.

ಎರಡು ಊರಲ್ಲಿ ಉಳಿಯಿರಿ

ಏಳು ದಿನ ಇದ್ದರೆ ಮೂರು ರಾತ್ರಿ ಉಬುದ್, ಮೂರು ರಾತ್ರಿ ಕಡಲ ತೀರ. ಮೊದಲು ಉಬುದ್‌ಗೇ ಹೋಗಿ. ಅಲ್ಲಿಂದ ತೆಗಲ್ಲಾಲಾಂಗ್‌ನ ಮೆಟ್ಟಿಲು ಗದ್ದೆ, ತಂಪಕ್‌ಸಿರಿಂಗ್‌ನ ತೀರ್ಥ ಎಂಪುಲ್ ಗುಡಿ, ಬೆದುಗುಲ್‌ನ ಕೆರೆ ಗುಡಿ ಎಲ್ಲಕ್ಕೂ ದಾರಿ ಸಲೀಸು. ಗದ್ದೆಗೆ ಬೆಳಿಗ್ಗೆ ಏಳಕ್ಕೇ ಹೋಗಿ. ಹತ್ತಾದರೆ ಫೋಟೊ ತೆಗೆಯುವವರದೇ ಸಾಲು. ಇಲ್ಲಿ ನೀರು ಹಂಚುವುದು ‘ಸುಬಕ್’ ಅನ್ನುವ ರೈತರ ಸಂಘ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಯಾವಾಗ, ಎಷ್ಟು ನೀರು ಅನ್ನುವುದನ್ನು ನೀರಿನ ಗುಡಿಗಳ ಸುತ್ತ ಸೇರಿ ತೀರ್ಮಾನಿಸುತ್ತಾರೆ. ಈ ಪದ್ಧತಿಯನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಓಡಾಟಕ್ಕೆ ಡ್ರೈವರ್ ಸಮೇತ ದಿನದ ಲೆಕ್ಕದಲ್ಲಿ ಕಾರು ಮಾಡಿಕೊಳ್ಳಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಸ್ಕೂಟರ್ ಬಾಡಿಗೆಗೆ ತೆಗೆಯಬೇಡಿ. ಬಿದ್ದರೆ ವಿಮೆಯೂ ಸಿಗುವುದಿಲ್ಲ.

ಗುಡಿಗೆ ಹೋಗುವಾಗ

ಬೆಳಿಗ್ಗೆ ಹೋಟೆಲ್ ಬಾಗಿಲು ತೆರೆದರೆ ಕಾಲ ಬುಡದಲ್ಲೇ ಕಾಣುತ್ತದೆ: ಎಳೆ ತೆಂಗಿನ ಗರಿಯಲ್ಲಿ ಹೆಣೆದ ಅಂಗೈ ಅಗಲದ ತಟ್ಟೆ. ಅದರಲ್ಲಿ ನಾಲ್ಕು ಬಣ್ಣದ ಹೂ, ನಾಲ್ಕು ಅಗುಳು ಅನ್ನ, ಕೆಲವೊಮ್ಮೆ ಒಂದು ಬಿಸ್ಕತ್ತು, ಮೇಲೆ ಹೊಗೆಯಾಡುವ ಊದುಬತ್ತಿ. ಇಟ್ಟ ಹೆಂಗಸು ಹೂವಿನಿಂದ ನೀರು ಚಿಮುಕಿಸಿ, ಕೈ ಬೀಸಿ ಹೊಗೆಯನ್ನು ಮೇಲಕ್ಕೆ ಕಳಿಸಿ ಸುಮ್ನೆ ಮುಂದೆ ಹೋಗುತ್ತಾಳೆ. ಇದು ‘ಚನಾಂಗ್ ಸಾರಿ’. ಅಂಗಡಿ ಮುಂದೆ, ಫುಟ್‌ಪಾತ್ ಮೇಲೆ, ಕಾರಿನೊಳಗೆ ಎಲ್ಲೆಲ್ಲೂ ಇರುತ್ತದೆ. ತುಳಿಯಬೇಡಿ, ದಾಟಬೇಡಿ. ಪಕ್ಕದಲ್ಲಿ ಹೋಗಿ.

ಗುಡಿಯಲ್ಲಿ ನಮ್ಮ ಹಾಗೆ ಗರ್ಭಗುಡಿ, ಮೂರ್ತಿ ಹುಡುಕಿದರೆ ಸಿಗುವುದು ಕಡಿಮೆ. ಒಂದರ ಒಳಗೊಂದು ಅಂಗಳ, ತೆರೆದ ಆಕಾಶ, ಕಪ್ಪು ನಾರು ಹೊದಿಸಿದ ಚಾವಣಿಗಳು ಒಂದರ ಮೇಲೊಂದು ಏರಿದ ಮೇರುಗಳು. ಎತ್ತರದ ಕಲ್ಲಿನ ಪದ್ಮಾಸನ ಖಾಲಿಯಾಗಿರುತ್ತದೆ. ದೇವರು ಬಂದು ಕೂರುವ ಜಾಗ ಅದು.

ಗಂಡಸರಾಗಲಿ ಹೆಂಗಸರಾಗಲಿ ಸೊಂಟದಿಂದ ಕೆಳಗೆ ಪಂಚೆಯಂಥ ಬಟ್ಟೆ, ಮೇಲೊಂದು ನಡುಪಟ್ಟಿ ಕಟ್ಟಬೇಕು. ಬಹಳ ಕಡೆ ಬಾಗಿಲಲ್ಲೇ ಕೊಡುತ್ತಾರೆ. ಮುಟ್ಟಾದವರು ಒಳಗೆ ಬರಬಾರದೆಂಬ ಬೋರ್ಡೂ ಇರುತ್ತದೆ. ಒಳ ಅಂಗಳ ಪೂಜೆ ಮಾಡುವವರಿಗೆ ಮಾತ್ರ. ನಾವೂ ಹಿಂದೂಗಳೇ ಅಂತ ನುಗ್ಗಬೇಡಿ. ‘ಓಂ ಸ್ವಸ್ತಿಯಸ್ತು’ ಎಂದು ಕೈಮುಗಿದು ಕೇಳಿ, ಒಪ್ಪಿದರೆ ಹೋಗಿ.

ತೀರ್ಥ ಎಂಪುಲ್‌ನಲ್ಲಿ ಕೊಳಕ್ಕಿಳಿಯುವ ಆಸೆಯಿದ್ದರೆ ಇನ್ನೊಂದು ಜೊತೆ ಬಟ್ಟೆ ಒಯ್ಯಿರಿ. ಎಡದಿಂದ ಶುರುಮಾಡಿ ಒಂದೊಂದೇ ಧಾರೆಗೆ ತಲೆ ಕೊಡುತ್ತ ಸಾಗಬೇಕು. ನಡುವೆ ಎರಡು ಧಾರೆಗಳು ಸತ್ತವರ ಕ್ರಿಯೆಗೆ ಮೀಸಲು, ಅವನ್ನು ಬಿಡಬೇಕು. ಅಲ್ಲಿನವರನ್ನು ಕೇಳಿಯೇ ಇಳಿಯಿರಿ. ನೀರು ಕೊರೆಯುವಷ್ಟು ತಣ್ಣಗಿರುತ್ತದೆ.

ಕಡಲಂಚಿನ ಉಲುವಾಟು ಗುಡಿಯಲ್ಲಿ ಸಂಜೆ ಕೆಚಕ್ ಕುಣಿತ ನೋಡಿ, ಅದು ರಾಮಾಯಣದ ಕಥೆ. ವಾದ್ಯವೇ ಇಲ್ಲ. ಹತ್ತಾರು ಗಂಡಸರು ವೃತ್ತದಲ್ಲಿ ಕೂತು ‘ಚಕ್ ಚಕ್’ ಎನ್ನುತ್ತ ಬಾಯಲ್ಲೇ ತಾಳ ಹಿಡಿಯುತ್ತಾರೆ. ಹಿಂದೆ ಕಡಲು ಕೆಂಪಾಗುತ್ತಿರುತ್ತದೆ, ಮುಂದೆ ಹನುಮಂತ ಬೆಂಕಿಯ ನಡುವೆ ಕುಣಿಯುತ್ತಾನೆ. ಆದರೆ ಅಲ್ಲಿನ ಕೋತಿಗಳು ಕನ್ನಡಕ ಕಿತ್ತುಕೊಳ್ಳುವುದರಲ್ಲಿ ಪಳಗಿದವು. ತೆಗೆದು ಬ್ಯಾಗಿಗೆ ಹಾಕಿ. ಕೋತಿಯೋ ನಾಯಿಯೋ ಕಚ್ಚಿದರೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ರೇಬೀಸ್ ಚುಚ್ಚುಮದ್ದಿಗೆ ಹೋಗಿ.

ಕಡಲು, ಊಟ

ಮಕ್ಕಳು, ಹಿರಿಯರು ಜೊತೆಗಿದ್ದರೆ ಸನೂರ್. ಹವಳದ ದಿಬ್ಬ ಅಲೆಯನ್ನು ತಡೆಯುವುದರಿಂದ ನೀರು ಶಾಂತ. ಕುಟಾದಲ್ಲಿ ಸೆಳೆತ ಜೋರು. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು. ನುಸಾ ಪೆನಿದಾ ದ್ವೀಪಕ್ಕೆ ದೋಣಿ ಹೊರಡುವುದೂ ಹೆಚ್ಚಾಗಿ ಸನೂರ್‌ನಿಂದಲೇ.

ಸಸ್ಯಾಹಾರಿಗಳಿಗೆ ತೆಂಪೆ (ಹುದುಗಿಸಿದ ಸೋಯಾ), ತೋಫು, ಗಾಡೊ-ಗಾಡೊ (ಕಡಲೆಕಾಯಿ ಗೊಜ್ಜು ಹಾಕಿದ ತರಕಾರಿ) ಸಿಗುತ್ತದೆ. ಆದರೆ ಸಂಬಲ್ ಚಟ್ನಿಯಲ್ಲಿ ಬಹಳ ಸಲ ‘ತೆರಾಸಿ’ ಅನ್ನುವ ಸೀಗಡಿ ಪೇಸ್ಟ್ ಇರುತ್ತದೆ. ‘ತನ್ಪಾ ತೆರಾಸಿ’ ಅಂದರೆ ಅದು ಬೇಡ ಎಂದರ್ಥ. ನಲ್ಲಿ ನೀರು ಕುಡಿಯಬೇಡಿ. ಎಲ್ಲಿ ತಯಾರಾಯಿತೋ ಗೊತ್ತಿಲ್ಲದ ‘ಅರಕ್’ ಅನ್ನುವ ಸಾರಾಯಿ ಮುಟ್ಟಲೇಬೇಡಿ. ಮೆಥನಾಲ್ ಬೆರೆತ ಅರಕ್ ಕುಡಿದು ಅಲ್ಲಿ ಜನ ಸತ್ತಿದ್ದಾರೆ.

ಕೊನೆಯ ರಾತ್ರಿ ತೀರದಲ್ಲೇ ಇರಿ. ಸನೂರ್ ಪೂರ್ವಕ್ಕೆ ಮುಖ ಮಾಡಿದೆ, ಸೂರ್ಯ ಕಡಲಿನಿಂದಲೇ ಏಳುತ್ತಾನೆ. ಅದನ್ನು ನೋಡಿ, ನಿಧಾನವಾಗಿ ತಿಂಡಿ ತಿಂದು ಹೊರಟರೂ ಮಧ್ಯಾಹ್ನದ ವಿಮಾನ ತಪ್ಪುವುದಿಲ್ಲ.