ಮಂಗನ ಕಾಯಿಲೆಯ ನೆಲೆಗಳನ್ನು ನಕ್ಷೆಗೆ ಇಳಿಸಿದ ಬಗೆ

ಸಿದ್ದಾಪುರ ತಾಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಮಂಗನ ಕಾಯಿಲೆ ಎಲ್ಲೆಲ್ಲಿ ಬೇರೂರಿದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸುವ ಕೆಲಸಕ್ಕೆ ಸೇರುವ ಮೊದಲು ನಾನು ಅದೇ ತಾಲೂಕಿನ ಕತ್ತಲೆಕಾನಿನಲ್ಲಿ, ರಾಮಪತ್ರೆ ಜಡ್ಡಿಗಳ ಸಸ್ಯ ಸಮೀಕ್ಷೆ ಮಾಡುತ್ತಿದ್ದೆ. ವರ್ಷವಿಡೀ ನೀರು ಜಿನುಗುವ ಆ ಜಡ್ಡಿಗಳಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಣದ ಮರಗಳಿವೆ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ, ಮೊಟ್ಟೆಗಳಿಗೆ ಕೆಸರು ಮೆತ್ತಿ ಕಾಪಾಡುವ ಕುಂಬಾರ ಕಪ್ಪೆಯೂ ಈ ಸೀಮೆಯದೇ. ಇಂಥ ಜೀವಿಗಳ ಹರವನ್ನು ದಾಖಲಿಸುವಾಗ, ಹುಡುಕಿಯೂ ಸಿಗದ ಜಾಗ ಯಾವುದು, ಯಾರೂ ಹೋಗಿ ಹುಡುಕದೇ ಉಳಿದ ಜಾಗ ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಬರೆದಿಡುವುದು ರೂಢಿ. ರೋಗದ ನಕ್ಷೆಗೂ ಅದೇ ಶಿಸ್ತು ಬೇಕೆಂದು ನಾನು ಮೊದಲಿನಿಂದಲೂ ಪಟ್ಟು ಹಿಡಿದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ, ಹಳದಿ ಜ್ವರ ಬಂದಿರಬಹುದೆಂಬ ಶಂಕೆಯಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಉಣ್ಣೆ ಎಂದೂ ಕರೆಯುವ ಉಣುಗಿನಿಂದ ಹರಡುವ ಹೊಸ ವೈರಸ್ಸನ್ನು ಕಂಡುಹಿಡಿದರು. ಬಹುಕಾಲ ಇದು ಶಿವಮೊಗ್ಗ ಜಿಲ್ಲೆಯ ಕೆಲವು ತಾಲೂಕುಗಳ ಕಾಯಿಲೆ ಎಂದೇ ಎಣಿಸಲಾಗಿತ್ತು. ಮುಂದೆ ಉತ್ತರ ಕನ್ನಡದಲ್ಲಿಯೂ, 1982ರಲ್ಲಿ ಬೆಳ್ತಂಗಡಿಯಲ್ಲಿಯೂ, 2012ರಲ್ಲಿ ಬಂಡೀಪುರದಲ್ಲಿಯೂ, 2015ರಲ್ಲಿ ಗೋವಾದ ಸತ್ತರಿಯಲ್ಲಿಯೂ ಕಾಣಿಸಿಕೊಂಡಿತು. ಸಾಮಾನ್ಯವಾಗಿ ಮನುಷ್ಯರು ಹಾಸಿಗೆ ಹಿಡಿದ ಮೇಲೆಯೇ ಹೊಸ ಜಾಗ ಪಟ್ಟಿಗೆ ಸೇರಿತೇ ಹೊರತು, ಅದಕ್ಕೂ ಮುಂಚೆ ಆ ಕಾಡಿನಲ್ಲಿ ವೈರಸ್ ಇರಲಿಲ್ಲವೆಂದು ಹೇಳಲು ಯಾರ ಬಳಿಯೂ ಆಧಾರವಿರಲಿಲ್ಲ. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಜನ ಸತ್ತಾಗ, ತಾಲೂಕಿನ ಗಡಿಯನ್ನು ರೋಗದ ಗಡಿ ಎಂದು ನಂಬಿಕೊಂಡು ಕೂರುವುದು ಎಷ್ಟು ಅಪಾಯ ಎಂಬುದು ಶರಾವತಿಯ ಈಚೆಗಿರುವ ನಮಗೂ ಮನವರಿಕೆಯಾಯಿತು.

ನಾನು ಮೊದಲು ಕೈಗೆತ್ತಿಕೊಂಡದ್ದು ರೋಗಿಗಳ ಪಟ್ಟಿಯನ್ನು. ಪಟ್ಟಿಯಲ್ಲಿ ಇರುವುದು ಮನೆಯ ವಿಳಾಸ. ನಕ್ಷೆಗೆ ಬೇಕಾದದ್ದು ಉಣುಗು ಕಚ್ಚಿದ ಜಾಗ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಸಾಮಾನ್ಯವಾಗಿ ಜ್ವರ ಬರುವುದರಿಂದ, ಜ್ವರಕ್ಕೆ ಹಿಂದಿನ ಹತ್ತು ದಿನಗಳ ಓಡಾಟವನ್ನು ಕೇಳಬೇಕಾಗುತ್ತದೆ. ಕಾಡಿಗೆ ಹೋಗಿದ್ದಿರಾ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಹೆಚ್ಚು. ಒಬ್ಬ ಅಜ್ಜಿ, "ನಾನೆಲ್ಲಿ ಹೋಗ್ತೇನೆ ತಮಾ, ಮನೆ ಹಿಂದಿನ ಬೆಟ್ಟದಲ್ಲಿ ದರಕು ಗುಡಿಸಿದ್ದು ಬಿಟ್ಟರೆ" ಎಂದರು. ದರಕೆಂದರೆ ಉದುರಿದ ಒಣ ಎಲೆ. ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟವೆಂದರೆ ಮನೆಯದೇ ಭಾಗ, ಅಲ್ಲಿಗೆ ಹೋಗುವುದು ಹೊರಗೆ ಹೋದಂತಲ್ಲ. ಆ ಮೇಲೆ ನಾನು ದರಕು, ಕಟ್ಟಿಗೆ, ಸೊಪ್ಪು, ಉಪ್ಪಾಗೆ ಹಣ್ಣು, ದನ ಹುಡುಕಲು ಹೋದದ್ದು ಎಂದು ಒಂದೊಂದನ್ನೇ ಹೆಸರಿಸಿ ಕೇಳುವುದನ್ನು ರೂಢಿಸಿಕೊಂಡೆ. ಸಾಧ್ಯವಿದ್ದಲ್ಲಿ ಮನೆಯವರೊಂದಿಗೆ ಆ ಜಾಗಕ್ಕೇ ನಡೆದು ಮೊಬೈಲಿನಲ್ಲಿ ಗುರುತು ಹಾಕಿಕೊಂಡೆ.

ಎರಡನೆಯದು ಉಣುಗಿನ ಹುಡುಕಾಟ. ಕೋಲಿಗೆ ಕಟ್ಟಿದ ಬಿಳಿ ಫ್ಲಾನೆಲ್ ಬಟ್ಟೆಯನ್ನು ದರಕಿನ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗಿ, ಕೆಲವು ಹೆಜ್ಜೆಗಳಿಗೊಮ್ಮೆ ಮಗುಚಿ ನೋಡಬೇಕು. ಇಬ್ಬನಿ ಆರಿದ ಮೇಲೆಯೇ ಇದನ್ನು ಮಾಡಬೇಕು, ಏಕೆಂದರೆ ಒದ್ದೆ ಬಟ್ಟೆಗೆ ಉಣುಗು ಹತ್ತುವುದು ಕಡಿಮೆ. ಉಣುಗು ಹತ್ತದಿರಲೆಂದು ನಾವು ಕೈಕಾಲಿಗೆ ಸವರಿಕೊಳ್ಳುವ ಡೆಪಾ ಎಣ್ಣೆ ಬಟ್ಟೆಗೆ ತಗಲದಂತೆಯೂ ನೋಡಿಕೊಳ್ಳಬೇಕು. ಜನರಿಗೆ ಹೆಚ್ಚಾಗಿ ರೋಗ ತಗಲಿಸುವುದು ಡಿಸೆಂಬರಿನಿಂದ ಮೇ ತನಕ ಕಾಣುವ, ಎಳ್ಳಿಗಿಂತ ಸಣ್ಣದಾದ ಎಳೆಯ ಉಣುಗು. ಭೂತಗನ್ನಡಿಯಲ್ಲಿ ಎಂಟು ಕಾಲು ಕಂಡರೆ ಇದು, ಆರು ಕಂಡರೆ ಅದಕ್ಕೂ ಮೊದಲಿನ ಮರಿ. ಚಿಮಟದಿಂದ ಹಿಡಿದು ಸೀಸೆಗೆ ಹಾಕಿ, ಜಾಗ, ದಿನಾಂಕ, ಎಳೆದ ದೂರ ಬರೆದು ಪರೀಕ್ಷೆಗೆ ಕಳಿಸುತ್ತಿದ್ದೆವು. ಒಂದೂ ಉಣುಗು ಸಿಗದಿದ್ದರೂ ಎಳೆದ ದೂರವನ್ನು ಬರೆಯಲೇಬೇಕೆಂಬುದು ನಮ್ಮ ತಂಡದ ನಿಯಮವಾಗಿತ್ತು.

ಉಣುಗು ಎಲ್ಲಿ ದಟ್ಟವಾಗಿದೆ ಎಂಬುದನ್ನು ಊಹಿಸಲು ನನಗೆ ಎಲ್ಲಕ್ಕಿಂತ ನೆರವಾದದ್ದು ದನಗಳ ದಾರಿ. ಮಳೆಗಾಲದಲ್ಲಿ ಬಲಿತ ಉಣುಗುಗಳು ಮೇಯುವ ದನಗಳಿಗೆ ಹತ್ತುತ್ತವೆ, ರಕ್ತ ಕುಡಿದ ಹೆಣ್ಣು ಉದುರಿಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ದನಕ್ಕೆ ಈ ಕಾಯಿಲೆ ಬಾಧಿಸುವುದಿಲ್ಲವಾದರೂ, ಕಾಡು ಕಡಿದ ಅಂಚಿನಲ್ಲಿ ದನ ಮೇಯುವುದರಿಂದಲೇ ಉಣುಗು ಹೆಚ್ಚುತ್ತದೆ ಎಂದು ವಿಜ್ಞಾನಿ ಬೋಶೆಲ್ 1969ರಷ್ಟು ಹಿಂದೆಯೇ ವಿವರಿಸಿದ್ದರು. ಆದ್ದರಿಂದ ಮಲೆನಾಡು ಗಿಡ್ಡಗಳು ಕೊಟ್ಟಿಗೆಯಿಂದ ಹೊರಟು ಬೆಟ್ಟ ದಾಟಿ ಕಾನಿನೊಳಗೆ ಎಲ್ಲಿಯ ತನಕ ಹೋಗುತ್ತವೆ ಎಂಬುದನ್ನು ದನ ಕಾಯುವವರಿಂದ ಕೇಳಿ ಗೆರೆ ಎಳೆದೆ. ಹಾಗೆಂದು ಗಿಡ್ಡಗಳನ್ನು ಕಟ್ಟಿಹಾಕಿ ಎಂದು ಊರವರಿಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಅಪಾಯವಿರುವ ದಾರಿ ಯಾವುದೆಂದು ಅವರಿಗೆ ತಿಳಿಸುವುದೇ ನಕ್ಷೆಯ ಕೆಲಸ.

ಮಂಗ, ಮುಸಿಯಗಳ ಸಾವಿನ ಸುದ್ದಿಯನ್ನು ಮೂರನೆಯ ಪದರವಾಗಿ ಸೇರಿಸಿದೆವು. ಸತ್ತ ಮಂಗದ ಮೈ ತಣ್ಣಗಾದೊಡನೆ ಉಣುಗುಗಳು ಇಳಿದು ಸುತ್ತಲಿನ ನೆಲದಲ್ಲಿ ಇನ್ನೊಂದು ಆಸರೆಗಾಗಿ ಕಾಯುವುದರಿಂದ, ಆ ಸ್ಥಳದ ಗುರುತು ಎರಡು ಮಾರು ಆಚೀಚೆಯೂ ತಪ್ಪಬಾರದು. ಸುದ್ದಿ ಬರುವುದು ಜನ ಓಡಾಡುವ ಕಡೆಯಿಂದ ಮಾತ್ರ ಎಂಬುದನ್ನೂ ನೆನಪಿಡಬೇಕು.

ಈ ಮೂರನ್ನೂ ದನದ ದಾರಿಯ ಗೆರೆಗಳನ್ನೂ ಒಂದು ಕಿಲೋಮೀಟರ್ ಚೌಕಗಳ ಮೇಲೆ ಇಟ್ಟು ನೋಡಿದಾಗ, ರೋಗಿಗಳು ಇಲ್ಲದೆಯೂ ಉಣುಗು, ದನದ ದಾರಿ, ಮಂಗನ ಸಾವು ಒಟ್ಟಿಗೆ ಬಿದ್ದ ಚೌಕಗಳು ಕಂಡವು. ಅವಕ್ಕೆ ಕಿತ್ತಳೆ, ಹುಡುಕಿಯೂ ಏನೂ ಸಿಗದವಕ್ಕೆ ಹಸಿರು, ಕಾಲಿಡದವಕ್ಕೆ ಬೂದು ಬಣ್ಣ ಕೊಟ್ಟೆವು. ಹಸಿರು ಒಂದು ಋತುವಿಗೆ ಮಾತ್ರ. ಮುಂದಿನ ಮಳೆಗಾಲ ಕಳೆದರೆ ಅದು ಮತ್ತೆ ಬೂದು. ಊರಿನ ಸಭೆಗಳಲ್ಲಿ ಜನ ಮೊದಲು ಕೇಳುವುದು ಕಿತ್ತಳೆಯ ಬಗ್ಗೆ, ನಾನು ಮಾತು ಶುರು ಮಾಡುವುದು ಬೂದು ಚೌಕಗಳಿಂದ. ಹೊನ್ನಾವರದ ಕಡೆಗೆ ಇಳಿಯುವ ಘಟ್ಟದಲ್ಲಿ ಅಂಥವು ಇನ್ನೂ ಬಹಳ ಇವೆ, ಡಿಸೆಂಬರಿನಿಂದ ಅಲ್ಲಿಯೇ ಬಟ್ಟೆ ಎಳೆಯಲು ಶುರು ಮಾಡುತ್ತೇವೆ.