ಬಟ್ಟಲಿನಲ್ಲಿ ಉಳಿದ ಸಾರು

ಹೊಸ ಹೋಟೆಲಿಗೆ ಹೋಗಿ ಬಂದವರನ್ನು "ಊಟ ಹೇಗಿತ್ತು?" ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ದಿನಗಳಾದವು. "ಚೆನ್ನಾಗಿತ್ತು" ಅಥವಾ "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ, ಎರಡರಿಂದಲೂ ಏನೂ ತಿಳಿಯುವುದಿಲ್ಲ. ಈಗ ನಾನು ಕೇಳುವುದು ಬೇರೆ. ಯಾವುದನ್ನು ಪೂರ್ತಿ ತಿಂದಿರಿ, ಯಾವುದನ್ನು ಬಿಟ್ಟಿರಿ, ಮತ್ತೊಮ್ಮೆ ಹೋದರೆ ಏನು ತರಿಸುತ್ತೀರಿ? ಜೊತೆಯಲ್ಲೇ ಕುಳಿತಿದ್ದರೆ ಅದನ್ನೂ ಕೇಳುವುದಿಲ್ಲ. ಮಾಣಿ ತಟ್ಟೆ ಎತ್ತುವ ಮೊದಲು ಮೇಜಿನ ಮೇಲೊಮ್ಮೆ ಕಣ್ಣಾಡಿಸುತ್ತೇನೆ.

ನಾವಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೊಸೆ ನಗರದ ಪೂರ್ವಕ್ಕಿರುವ ಎವರ್‌ಗ್ರೀನ್ ಬಡಾವಣೆಯಲ್ಲಿ. ವಿಯೆಟ್ನಾಂ ದೇಶದ ಹೊರಗೆ ಇನ್ಯಾವ ನಗರದಲ್ಲೂ ಇಲ್ಲದಷ್ಟು ವಿಯೆಟ್ನಾಂ ಮೂಲದ ಜನ, ಲಕ್ಷದ ಲೆಕ್ಕದಲ್ಲಿ, ಈ ಊರಿನಲ್ಲಿದ್ದಾರೆ. 1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಕಮ್ಯುನಿಸ್ಟರ ಕೈಗೆ ಬಿದ್ದ ಮೇಲೆ ಊರು ಬಿಟ್ಟವರು, ಆಮೇಲೆ ದೋಣಿ ಹತ್ತಿ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಟಲ್ಲಿ ರೋಡ್, ಸ್ಟೋರಿ ರೋಡ್‌ಗಳಲ್ಲಿ ಅಂಗಡಿ ಫಲಕಗಳೆಲ್ಲ ಅವರ ಭಾಷೆಯಲ್ಲೇ ಇವೆ. ಆದರೂ ಇಲ್ಲಿನ ಸಸ್ಯಾಹಾರಿ ಕನ್ನಡ ಕುಟುಂಬಗಳಲ್ಲಿ ಹೆಚ್ಚಿನವು ಆ ಹೋಟೆಲುಗಳ ಮುಂದೆ ಹತ್ತಾರು ವರ್ಷ ಓಡಾಡಿಯೂ ಒಳಗೆ ಕಾಲಿಟ್ಟಿರಲಿಲ್ಲ. "ಅಲ್ಲಿ ನಮಗೇನು ಸಿಗುತ್ತದೆ?" ಎಂಬುದೇ ಎಲ್ಲರ ಮಾತು. ಈ ವರ್ಷ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ಒಂದು ಹೊಸ ವಿಯೆಟ್ನಾಂ ಹೋಟೆಲ್ ತೆರೆಯಿತು. ಹೊಸ ಹೋಟೆಲನ್ನು ಮೊದಲು ನೋಡಿ ಬಂದು ಉಳಿದವರಿಗೆ ಹೇಳುವ ಕೆಲಸ ನಮ್ಮ ಬಳಗದಲ್ಲಿ ಹೇಗೋ ನನ್ನ ಪಾಲಿಗೆ ಬಂದಿದೆ. ನಾನೂ ಅದನ್ನು ಇಷ್ಟಪಟ್ಟೇ ಮಾಡುತ್ತೇನೆ.

ಮೊದಲ ಸಲ ಹೋದಾಗ ಎಡವಿದೆವು. "ಮಾಂಸ ಬೇಡ, ತರಕಾರಿ ಮಾತ್ರ" ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿ ತೋಫು (ಸೋಯಾ ಹಾಲಿನ ಪನೀರು) ಪಲ್ಯ ಮತ್ತು ಅನ್ನ ತರಿಸಿದೆವು. ತಟ್ಟೆ ಮೇಜಿಗೆ ಬರುತ್ತಿದ್ದಂತೆಯೇ ನನ್ನ ಮಗಳು ಮೂಗು ಹಿಡಿದಳು. ಮೀನಿನ ರಸ. ಉಪ್ಪಿನಲ್ಲಿ ತಿಂಗಳುಗಟ್ಟಲೆ ನೆನೆದ ಸಣ್ಣ ಮೀನಿನಿಂದ ಇಳಿಸುವ 'ನುಒಕ್ ಮಾಮ್' ಆ ಅಡುಗೆಗೆ ನಮ್ಮ ಒಗ್ಗರಣೆಯ ಇಂಗಿನಂತೆ. ಅಡುಗೆಯವನ ದೃಷ್ಟಿಯಲ್ಲಿ ಅದು ಮಾಂಸವೇ ಅಲ್ಲ, ಕೈ ತಾನಾಗಿಯೇ ಹಾಕಿಬಿಡುತ್ತದೆ. ಅವರು ಸುಳ್ಳು ಹೇಳಿರಲಿಲ್ಲ. ನಾವು ಕೇಳಬೇಕಾದ ಪ್ರಶ್ನೆಯನ್ನು ಕೇಳಿರಲಿಲ್ಲ. ಕ್ಷಮೆ ಕೇಳಿ ತಟ್ಟೆ ಒಳಗೆ ಒಯ್ದ ಮಾಲಕಿಯೇ ಹೊರಬಂದು ಸರಿಯಾದ ಮಾತನ್ನು ಕಲಿಸಿಕೊಟ್ಟರು: "ಆನ್ ಚೈ." ಸಸ್ಯಾಹಾರ ತಿನ್ನುತ್ತೇನೆ ಎಂದು ಅರ್ಥ. 'ಚೈ' ಎಂಬುದು ನಮ್ಮ ಕಿವಿಗೆ ಚಹಾದಂತೆ ಕೇಳುತ್ತದೆ, ಆದರೆ ಅದು ಬೌದ್ಧ ಮಠಗಳಿಂದ ಬಂದ ವ್ರತದ ಮಾತು. ಅದನ್ನು ಹೇಳಿದರೆ ಮೀನಿನ ರಸವೂ ಹೋಗುತ್ತದೆ, ಎಲುಬಿನ ಸಾರೂ ಹೋಗುತ್ತದೆ. ಮನಸ್ಸಿಗೆ ಇನ್ನೂ ಸಮಾಧಾನವಿಲ್ಲದಿದ್ದರೆ "ಖೋಂಗ್ ನುಒಕ್ ಮಾಮ್", ಮೀನಿನ ರಸ ಬೇಡ, ಎಂದು ಸೇರಿಸಬಹುದು. ನಾನು ಈಗಲೂ ಎರಡನ್ನೂ ಹೇಳುತ್ತೇನೆ.

ಎರಡನೆಯ ಸಲ ಏಳು ಜನ ಹೋದೆವು. ಎಲ್ಲರಿಗೂ ಫೋ, ಅಂದರೆ ಅಗಲ ಎಳೆಯ ಅಕ್ಕಿ ಶಾವಿಗೆ ಮುಳುಗಿದ ಬಿಸಿ ಸಾರಿನ ದೊಡ್ಡ ಬಟ್ಟಲು. ಎಲ್ಲರದೂ ಚೈ. ಹೊರಗೆ ಬಂದ ಮೇಲೆ ನಾಲ್ವರು "ಚೆನ್ನಾಗಿತ್ತು" ಎಂದರು, ಇಬ್ಬರು "ಸ್ವಲ್ಪ ಸಪ್ಪೆ" ಎಂದರು. ಆದರೆ ನಾನು ಏಳುವ ಮುನ್ನ ಎಣಿಸಿದ್ದೆ: ಐದು ಬಟ್ಟಲುಗಳಲ್ಲಿ ಶಾವಿಗೆ ಖಾಲಿಯಾಗಿತ್ತು, ಸಾರು ಮುಕ್ಕಾಲು ಪಾಲು ಹಾಗೆಯೇ ನಿಂತಿತ್ತು. ಪಕ್ಕದ ತಟ್ಟೆಯಲ್ಲಿ ಕೊಟ್ಟಿದ್ದ ಸೊಪ್ಪು, ಮೊಳಕೆ, ನಿಂಬೆಹೋಳುಗಳನ್ನು ಹೆಚ್ಚಿನವರು ಮುಟ್ಟಿಯೇ ಇರಲಿಲ್ಲ. ಅಲಂಕಾರಕ್ಕೆ ಇಟ್ಟದ್ದು ಎಂದುಕೊಂಡಿದ್ದರು. ಸಾರನ್ನು ಲೋಟಕ್ಕೆ ಬಗ್ಗಿಸಿ ಕುಡಿಯುವ ಜನ ನಾವು, ಅಂಥವರು ಸಾರು ಬಿಟ್ಟೆದ್ದರೆ ಏನೋ ತಪ್ಪಿದೆ ಎಂದೇ ಅರ್ಥ.

ಮರುದಿನ ಮಧ್ಯಾಹ್ನ ಗಿರಾಕಿಗಳು ಕಡಿಮೆ ಇದ್ದ ಹೊತ್ತಿನಲ್ಲಿ ಒಬ್ಬಳೇ ಹೋಗಿ ಮಾಲಕಿಯನ್ನು ಕೇಳಿದೆ. ಅವರು ನನ್ನ ಎದುರಿಗೇ ಒಂದು ಬಟ್ಟಲು ಇಟ್ಟುಕೊಂಡು ತಿಂದು ತೋರಿಸಿದರು. ಮೊದಲು ಏನೂ ಹಾಕದೆ ಎರಡು ಚಮಚ ಸಾರು. ಆಮೇಲೆ ಹೆಸರುಕಾಳಿನ ಮೊಳಕೆಯನ್ನು ಶಾವಿಗೆಯ ಅಡಿಗೆ ತಳ್ಳಿದರು, ಸಾರಿನ ಬಿಸಿಗೇ ಅದು ಅರೆ ಬೇಯಬೇಕು. ಥಾಯ್ ತುಳಸಿ ಎಂದು ಕರೆಯುವ ಸೊಪ್ಪು ನಮ್ಮ ಕಾಮಕಸ್ತೂರಿಯ ಬಳಗದ್ದೇ. ಅದರ ಎಲೆಗಳನ್ನು ಕಡ್ಡಿಯಿಂದ ಬಿಡಿಸಿ ಕೈಯಲ್ಲೇ ಹರಿದು ಹಾಕಿದರು. ಇನ್ನೊಂದು, ಅಂಚಿಗೆ ಗರಗಸದ ಹಲ್ಲುಗಳಿರುವ ಉದ್ದನೆಯ ಎಲೆ. ಮೂಗಿಗೆ ಕೊತ್ತಂಬರಿಯೇ, ನಾಲಿಗೆಗೆ ಅದಕ್ಕಿಂತ ಖಡಕ್ಕು. ಹಸಿಮೆಣಸಿನ ಬಿಲ್ಲೆ ಎರಡು. ನಿಂಬೆ ಕಟ್ಟಕಡೆಗೆ. ಕೆಂಪು ಖಾರದ ಸಾಸನ್ನೂ ಕಪ್ಪು ಸಿಹಿ ಸಾಸನ್ನೂ ಬಟ್ಟಲಿಗೆ ಸುರಿಯಲೇ ಇಲ್ಲ. ಪಕ್ಕದ ಪುಟ್ಟ ತಟ್ಟೆಯಲ್ಲಿಟ್ಟುಕೊಂಡು ತೋಫುವನ್ನು ಅದರಲ್ಲಿ ಅದ್ದಿದರು. ಪ್ರತಿ ಹಂತದಲ್ಲೂ ನನಗೂ ಒಂದು ಚಮಚ ಕೊಟ್ಟರು. ಒಂದೇ ಬಟ್ಟಲಿನ ಸಾರು ಐದು ನಿಮಿಷದಲ್ಲಿ ನಾಲ್ಕು ರುಚಿಯಾಯಿತು. ಅಡುಗೆಮನೆಯಲ್ಲಿ ಮುಕ್ಕಾಲು ಅಡುಗೆ ಮಾತ್ರ ಆಗುತ್ತದೆ, ಉಳಿದ ಕಾಲು ಭಾಗ ತಿನ್ನುವವರ ಕೈಯಲ್ಲಿದೆ ಎಂಬುದು ಆಗ ನನಗೆ ತಿಳಿಯಿತು. ನಮ್ಮ ಏಳು ಜನ ತಿಂದದ್ದು ಮುಕ್ಕಾಲು ಅಡುಗೆಯನ್ನು, ಅದಕ್ಕೇ ಇಬ್ಬರು ಸಪ್ಪೆ ಎಂದಿದ್ದರು.

ಮಾಲಕಿಯ ಅಜ್ಜಿ ಉತ್ತರ ವಿಯೆಟ್ನಾಂನ ನಾಮ್ ದಿನ್ ಪ್ರಾಂತದವರಂತೆ. ಫೋ ಹುಟ್ಟಿದ್ದು ತಮ್ಮಲ್ಲಿ ಎಂದು ಹೇಳಿಕೊಳ್ಳುವ ಊರು ಅದು. 1954ರಲ್ಲಿ ಜಿನೀವಾ ಒಪ್ಪಂದದಿಂದ ದೇಶ ಎರಡಾದಾಗ ಲಕ್ಷಾಂತರ ಜನರ ಜೊತೆ ಆ ಅಜ್ಜಿಯೂ ದಕ್ಷಿಣಕ್ಕೆ ಬಂದರು, ಫೋ ಕೂಡ ಹಾಗೆಯೇ ದಕ್ಷಿಣದಲ್ಲಿ ಹರಡಿತು. ಈ ಸೊಪ್ಪಿನ ರಾಶಿ, ಮೊಳಕೆ, ಸಿಹಿ ಸಾಸು ಎಲ್ಲ ದಕ್ಷಿಣದವರು ಸೇರಿಸಿದ್ದು. ಅಜ್ಜಿ ಕೊನೆಯವರೆಗೂ ಸಿಹಿ ಸಾಸಿನ ಬಾಟಲಿಯನ್ನು ಮೇಜಿನ ಮೇಲೆ ಇಡಗೊಡಲಿಲ್ಲವಂತೆ. ಸಾರಿಗೆ ಬೆಲ್ಲ ಹಾಕುವ ಮೈಸೂರಿನವರ ಮನೆಗೆ ಸೊಸೆಯಾಗಿ ಬಂದ ನನಗೆ ಆ ಅಜ್ಜಿಯ ಹಟ ಚೆನ್ನಾಗಿ ಅರ್ಥವಾಯಿತು.

ಮೂರನೆಯ ಸಲ ಅದೇ ಏಳು ಜನರನ್ನು ಕರೆದೊಯ್ದೆ. ಬಟ್ಟಲು ಬಂದ ಕೂಡಲೇ ಯಾರಿಗೂ ಸಾಸಿನ ಬಾಟಲಿ ಮುಟ್ಟಗೊಡದೆ ಮಾಲಕಿ ಮಾಡಿದಂತೆಯೇ ಮಾಡಿಸಿದೆ. ಎಣಿಸಿ ನೋಡಿದರೆ ಆರು ಬಟ್ಟಲುಗಳ ತಳ ಕಾಣುತ್ತಿತ್ತು. ಏಳನೆಯವರಿಗೆ ಸಾರಿನ ಮಸಾಲೆಯಲ್ಲಿರುವ ಅನಾನಸ್ ಹೂವಿನ ವಾಸನೆಯೇ ಆಗದು. ಅದು ಅವರವರ ನಾಲಿಗೆ, ಅದಕ್ಕೆ ಮದ್ದಿಲ್ಲ.

ಆ ಸಾರನ್ನು ಮನೆಯಲ್ಲೂ ಮಾಡಿದ್ದೇನೆ. ಬಿಳಿ ಮೂಲಂಗಿ, ಕ್ಯಾರೆಟ್, ಎಲೆಕೋಸು, ಒಂದು ಸೇಬು, ಒಣ ಅಣಬೆಗಳನ್ನು ಸಣ್ಣ ಉರಿಯಲ್ಲಿ ಎರಡು ಗಂಟೆ ಕುದಿಸಬೇಕು. ಶುಂಠಿಯನ್ನು, ಗೊಜ್ಜಿಗೆ ಬದನೆಕಾಯಿ ಸುಡುವಂತೆ, ಒಲೆಯ ಉರಿಯಲ್ಲೇ ಕಪ್ಪಾಗುವವರೆಗೆ ಸುಟ್ಟು ಜಜ್ಜಿ ಹಾಕಬೇಕು. ಮೊದಲ ಸಲ ಚಕ್ಕೆ, ಲವಂಗ, ಅನಾನಸ್ ಹೂ, ಕೊತ್ತಂಬರಿ ಬೀಜಗಳನ್ನು ಮೊದಲಿಗೇ ಹಾಕಿ ಕುದಿಸಿದೆ, ಅದು ನೆಗಡಿಯ ಕಷಾಯವಾಯಿತು. ಮಸಾಲೆಯನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕೊನೆಯ ಅರ್ಧ ಗಂಟೆ ಮಾತ್ರ ಇಳಿಬಿಟ್ಟಾಗ ಸರಿಯಾಯಿತು. ಈ ಮಸಾಲೆಗಳಲ್ಲಿ ಯಾವುದನ್ನೂ ನಾನು ಹೊಸದಾಗಿ ಕೊಳ್ಳಬೇಕಾಗಿ ಬರಲಿಲ್ಲ. ಭಾರತಕ್ಕೆ ಆಮದಾಗುವ ಚಕ್ಕೆಯಲ್ಲಿ ದೊಡ್ಡ ಪಾಲು ವಿಯೆಟ್ನಾಂನದೇ. ನಮ್ಮ ಬಿಸಿಬೇಳೆಬಾತಿನ ಪುಡಿಯಲ್ಲಿ ಎಷ್ಟೋ ಸಲ ಆ ದೇಶದ ಚಕ್ಕೆಯೇ ಇದ್ದಿರಬೇಕು.

ಫೋಗಿಂತ ನಮ್ಮವರ ಮನಸ್ಸು ಗೆದ್ದದ್ದು 'ಬಾನ್ ಸೆಒ'. ಅಕ್ಕಿಹಿಟ್ಟಿಗೆ ತೆಂಗಿನ ಹಾಲು, ಅರಿಸಿನ ಸೇರಿಸಿ ಕಾದ ಬಾಣಲೆಗೆ ಹುಯ್ದು ತೆಳ್ಳಗೆ ಹರಡುವ ದೋಸೆ. ಹುಳಿ ಬರಿಸುವುದಿಲ್ಲ. 'ಸೆಒ' ಎಂಬುದು ಹಿಟ್ಟು ಬಾಣಲೆಗೆ ಬಿದ್ದಾಗಿನ ಸದ್ದು, ನಮ್ಮ 'ಚುಂಯ್'. ಒಳಗೆ ಮೊಳಕೆ, ಅಣಬೆ, ಬೇಯಿಸಿದ ಹೆಸರುಬೇಳೆ ಇಟ್ಟು ಅರ್ಧಕ್ಕೆ ಮಡಚಿ ತರುತ್ತಾರೆ. ನಮ್ಮ ಮೈಸೂರಿನ ಗೆಳೆಯರೊಬ್ಬರು ಚಾಕು, ಫೋರ್ಕ್ ಹಿಡಿದು ಕುಳಿತಿದ್ದರು. ಮಾಲಕಿ ಬಂದು, ಕೈಯಲ್ಲೇ ತಿನ್ನಬೇಕು ಎಂದು ತೋರಿಸಿದರು. ಅಂಗೈ ಮೇಲೆ ಸಾಸಿವೆ ಸೊಪ್ಪಿನ ಅಗಲ ಎಲೆ, ಅದರ ಮೇಲೆ ಮುರಿದ ದೋಸೆಯ ತುಂಡು, ಎರಡು ಎಲೆ ಪುದೀನ, ಸುರುಳಿ ಸುತ್ತಿ ಹುಳಿ ಸಿಹಿ ರಸದಲ್ಲಿ ಅದ್ದಬೇಕು. ಆ ಗೆಳೆಯರು ಮೊದಲ ತುತ್ತು ಕಚ್ಚಿದಾಗ ಅಂಚಿನ ಗರಿ ಮುರಿದ ಸದ್ದು ನನಗೆ ಮೇಜಿನ ಈಚೆ ಕೇಳಿಸಿತು. ಆಮೇಲೆ ಸೊಪ್ಪಿನ ಕಟುವಾಸನೆ, ಆಮೇಲೆ ತೆಂಗಿನ ಹಾಲಿನ ನವಿರು. ಅವರು ಮಾತಾಡದೆ ಎರಡನೆಯ ಎಲೆಗೆ ಕೈಚಾಚಿದರು. ಇಂಥ ಸಮಯದಲ್ಲಿ ಅಭಿಪ್ರಾಯ ಕೇಳುವ ಅಗತ್ಯವಿರುವುದಿಲ್ಲ.

ಧಾರವಾಡದ ಕಡೆಯವರೊಬ್ಬರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಅಕ್ಕಿಹಾಳೆಯ ಹಸಿ ಸುರುಳಿಯ ಜೊತೆ ಕೊಡುವ ಶೇಂಗಾ ಸಾಸನ್ನು. "ಶೇಂಗಾ ಹಿಂಡಿಗೆ ಸಿಹಿ ಹಾಕಿ ಅರೆದಂತಿದೆ, ಬೆಳ್ಳುಳ್ಳಿ ಖಾರ ಇನ್ನಷ್ಟು ಬೇಕಿತ್ತು" ಎಂದರು. ಸುರುಳಿಯನ್ನು ಒಂದೇ ತಿಂದು ಸಾಸನ್ನು ಮೂರು ಬಟ್ಟಲು ತರಿಸಿದರು.

ನನಗೆ ಅಚ್ಚರಿ ಕಾದಿದ್ದು ನಮ್ಮತ್ತೆಯ ವಿಷಯದಲ್ಲಿ. ಅವರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ, ಹೊರಗಿನ ಊಟವೆಂದರೆ ಹಣ್ಣು ಹಾಲು ಅಷ್ಟೆ. ಬೌದ್ಧ ಸಂಪ್ರದಾಯದ ಅನೇಕ ವಿಯೆಟ್ನಾಮಿಗಳು ಚಾಂದ್ರಮಾನ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ ಚೈ ತಿನ್ನುತ್ತಾರೆ. ಹದಿನೈದನೆಯ ದಿನವೆಂದರೆ ಹುಣ್ಣಿಮೆ. ಮಠದ ಕಟ್ಟುನಿಟ್ಟಿನ ಚೈ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳ ಜಾತಿಯ ಐದು ಘಾಟು ಪದಾರ್ಥಗಳಿಗೂ ನಿಷೇಧ. ಈ ಹೋಟೆಲಿನಲ್ಲಿ ಆ ಎರಡು ದಿನ ಅಂಥ ಸಾರನ್ನು ಬೇರೆ ಪಾತ್ರೆಯಲ್ಲೇ ಮಾಡುತ್ತಾರೆ. ಅದನ್ನು ಅತ್ತೆಗೆ ಹೇಳಿದಾಗ ಮೊದಲು ನಂಬಲಿಲ್ಲ. ಹುಣ್ಣಿಮೆಯ ಮಧ್ಯಾಹ್ನ ಕರೆದೊಯ್ದೆ. ಪಕ್ಕದ ಮೇಜಿನಲ್ಲಿ ಅವರದೇ ವಯಸ್ಸಿನ ಅಜ್ಜಿಯೊಬ್ಬರು ಕೈಯಲ್ಲಿ ಜಪಮಣಿ ಸುತ್ತಿಕೊಂಡು ಅದೇ ಸಾರು ಕುಡಿಯುತ್ತಿದ್ದರು. ಅತ್ತೆ ಅವರ ಕೈಯನ್ನೇ ನೋಡುತ್ತಾ ಕುಳಿತರು, ಆಮೇಲೆ ಚಮಚ ಎತ್ತಿದರು. ಅವರ ಬಟ್ಟಲೂ ಖಾಲಿಯಾಯಿತು.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಶನಿವಾರ ಸಂಜೆ ಮುಕ್ಕಾಲು ಗಂಟೆ ಕಾಯಬೇಕು, ಒಳಗೆ ಗದ್ದಲ. ಒಂದು ದಿನ ಚೈ ಸಾರು ನೀರಾಗಿತ್ತು. ಬೇಡಿಕೆ ಹೆಚ್ಚಾಗಿ ಬಿಸಿನೀರು ಬೆರೆಸಿದ್ದರು, ಕೇಳಿದಾಗ ಒಪ್ಪಿಕೊಂಡರು. ಮನೆಗೆ ಕಟ್ಟಿಸಿ ಒಯ್ದರೆ ಫೋ ಕೆಡುತ್ತದೆ, ಶಾವಿಗೆ ಮುದ್ದೆಯಾಗುತ್ತದೆ. ಕಟ್ಟಿಸಲೇಬೇಕಿದ್ದರೆ ತಣ್ಣಗಿನ 'ಬುನ್' ಶಾವಿಗೆ ವಾಸಿ. ಅದು ನಮ್ಮ ಒತ್ತು ಶಾವಿಗೆಯ ನಂಟ, ಮಕ್ಕಳೂ ತಕರಾರಿಲ್ಲದೆ ತಿನ್ನುತ್ತಾರೆ.

ಕೊನೆಯದಾಗಿ ಅಪ್ಪನನ್ನು ಕರೆದೊಯ್ದೆ. ಮೂಡಿಗೆರೆ ಬಳಿ ನಮ್ಮದು ಸಣ್ಣ ಕಾಫಿ ತೋಟ, ಅರ್ಧಕ್ಕಿಂತ ಹೆಚ್ಚು ರೋಬಸ್ಟಾ. ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ವಿಯೆಟ್ನಾಂ ಎಂದರೆ ಯುದ್ಧವಲ್ಲ, ಊಟವೂ ಅಲ್ಲ, ಬೆಲೆ ಇಳಿಸಿದ ದೇಶ. 1990ರ ದಶಕದಲ್ಲಿ ಅವರು ರೋಬಸ್ಟಾ ಬೆಳೆಯನ್ನು ಹಿಗ್ಗಿಸುತ್ತಾ ಹೋಗಿ ಬ್ರೆಜಿಲ್‌ನ ನಂತರ ಜಗತ್ತಿನಲ್ಲೇ ಎರಡನೆಯವರಾದರು. 2001ರ ಸುಮಾರಿಗೆ ಕಾಫಿ ಬೆಲೆ ನೆಲಕಚ್ಚಿದಾಗ ಅಪ್ಪ ಚೆರ್ರಿಯ ಮೂಟೆಗಳನ್ನು ಮಾರದೆ ಕಣದ ಕೊಟ್ಟಿಗೆಯಲ್ಲಿ ಪೇರಿಸಿಟ್ಟಿದ್ದು ನನಗೆ ನೆನಪಿದೆ. ಆ ವರ್ಷ ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ವಿಯೆಟ್ನಾಂ ಹೆಸರು ಬರುತ್ತಿತ್ತು.

ಊಟದ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ. ಕಾಫಿ ಬಂದಾಗ ನೆಟ್ಟಗೆ ಕುಳಿತರು. ಲೋಟದ ಬಾಯಿಗೆ ಕೂರುವ ಪುಟ್ಟ ಲೋಹದ ಫಿಲ್ಟರ್, 'ಫಿನ್'. ಅಡಿಯಲ್ಲಿ ಎರಡು ಬೆರಳು ಗಟ್ಟಿ ಸಿಹಿಹಾಲು, ಅದರ ಮೇಲೆ ಡಿಕಾಕ್ಷನ್ ಹನಿ ಹನಿಯಾಗಿ ಇಳಿಯುತ್ತದೆ. ಮಾಣಿ ಕಲಕಿ ಕೊಡಲು ಬಂದರೆ ತಡೆದರು. ಹಾಲಿಗೆ ಸೇರುವ ಮೊದಲೇ ಚಮಚದಲ್ಲಿ ನಾಲ್ಕು ಹನಿ ಹಿಡಿದು ನಾಲಿಗೆಗೆ ಹಾಕಿಕೊಂಡರು. "ಚಿಕೋರಿ ಇಲ್ಲ. ಹುರಿದದ್ದು ಸ್ವಲ್ಪ ಜಾಸ್ತಿ. ಬೀಜ ಒಳ್ಳೆಯದು." ಲೋಟ ಮುಗಿದ ಮೇಲೆ ಅದೇ ಪುಡಿಯ ಮೇಲೆ ಇನ್ನೊಮ್ಮೆ ಬಿಸಿನೀರು ಕೇಳಿದರು. ಎರಡನೆಯ ಡಿಕಾಕ್ಷನ್ ಕುಡಿದು ನೋಡದೆ ಅವರು ಯಾವ ಪುಡಿಯನ್ನೂ ಒಪ್ಪುವುದಿಲ್ಲ. ಹಾಗೆ ಕೇಳಿದ ಗಿರಾಕಿ ಇವರೇ ಮೊದಲು ಎಂದು ಮಾಲಕಿ ಹತ್ತಿರ ಬಂದು ನಿಂತರು. ಪುಡಿ ವಿಯೆಟ್ನಾಂನ ಕಾಫಿ ನಾಡು ಬುಓನ್ ಮಾ ಥುಒತ್ ಕಡೆಯದು, ಚಿಕ್ಕಪ್ಪನ ತೋಟವೂ ಅಲ್ಲೇ ಇದೆ ಎಂದರು. ನನ್ನ ಮೂಲಕ ಅಪ್ಪ ಕೇಳಿದ ಪ್ರಶ್ನೆ ಒಂದೇ: ಹೆಕ್ಟೇರಿಗೆ ಎಷ್ಟು ಬರುತ್ತದೆ? ಅವರಿಗೆ ಗೊತ್ತಿರಲಿಲ್ಲ, ಕೇಳಿ ಹೇಳುತ್ತೇನೆ ಎಂದರು.

ಎರಡು ವಾರದ ಮೇಲೆ ಮತ್ತೆ ಹೋದಾಗ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟರು. ಎರಡೂವರೆ ಟನ್, ಬೇಸಿಗೆಯಲ್ಲಿ ಮೂರು ಸಲ ನೀರು, ನೆರಳಿನ ಮರ ಇಲ್ಲ. ನಮ್ಮಲ್ಲಿ ನೆರಳಿನ ಅಡಿಯಲ್ಲಿ ಒಂದು ಟನ್ ಬಂದರೆ ಒಳ್ಳೆಯ ವರ್ಷ. ಅಪ್ಪ ಚೀಟಿಯನ್ನು ಎರಡು ಸಲ ಓದಿಸಿಕೊಂಡರು. "ಮರ ಕಡಿದು ಬೆಳೆದರೆ ಬರದೆ ಏನು, ಆದರೆ ನೀರು ಎಲ್ಲಿಂದ ತರುತ್ತಾರೆ, ಕೇಳು" ಎಂದರು. ನಾನು ಕೇಳಿದೆ. ಬಾವಿ ಪ್ರತಿವರ್ಷ ಆಳಕ್ಕೆ ಹೋಗುತ್ತಿದೆಯಂತೆ ಎಂದು ಮಾಲಕಿ ಹೇಳಿದರು. ಅಪ್ಪ ತಲೆಯಾಡಿಸಿ ಚೀಟಿಯನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು. ಅದು ಅವರ ಜೊತೆ ಮೂಡಿಗೆರೆಗೆ ಹೋಯಿತು.